ಸಾಂಜೊವೇಸೆ: ಟಸ್ಕನಿಯ ಮಾಗುವ ವೈನ್, ಭೀಮಾ ಕಣಿವೆಯ ಬಳ್ಳಿ

ಸಾಂಜೊವೇಸೆ ಇಟಲಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆಯುವ ವೈನ್ ದ್ರಾಕ್ಷಿ. ಕಿಯಾಂತಿ, ಬ್ರುನೆಲ್ಲೊ ದಿ ಮೊಂತಾಲ್ಚಿನೊ, ವಿನೊ ನೊಬಿಲೆ ದಿ ಮೊಂತೆಪುಲ್ಚಾನೊ ಮುಂತಾದ ಟಸ್ಕನಿ ಪ್ರಾಂತದ ಹೆಸರಾಂತ ಕೆಂಪು ವೈನ್‌ಗಳಿಗೆ ಇದೇ ಮೂಲ. ಒಳ್ಳೆಯ ತೋಟದಲ್ಲಿ ಒಳ್ಳೆಯ ವರ್ಷ ಬೆಳೆದ ಸಾಂಜೊವೇಸೆಯ ವೈನ್ ಬಾಟಲಿಯಲ್ಲಿ ಹತ್ತಿಪ್ಪತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಮಾಗುತ್ತಾ ಹೋಗುತ್ತದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಈ ಬಳ್ಳಿ ದಖನ್ನಿಗೆ ಬಂದು ಸೊಲ್ಲಾಪುರ ಜಿಲ್ಲೆಯ ಅಕಲೂಜ್‌ನಲ್ಲೂ ಕೊಪ್ಪಳ ಜಿಲ್ಲೆಯಲ್ಲೂ ಬೇರು ಬಿಟ್ಟಿತು. ಅಕಲೂಜ್ ನೀರಾ ನದಿಯ ದಂಡೆಯ ಊರು. ನೀರಾ ಭೀಮೆಗೆ ಸೇರುತ್ತದೆ. ಭೀಮೆ ಪಂಢರಪುರ, ಗಾಣಗಾಪುರಗಳನ್ನು ದಾಟಿ ಶಹಾಬಾದ್ ಬಳಿಯ ಹೊನಗುಂಟಾದಲ್ಲಿ ಕಾಗಿಣಾ ನದಿಯನ್ನು ಕೂಡಿಕೊಂಡು ಚಿತ್ತಾಪುರ ತಾಲೂಕಿನ ಸನ್ನತಿಯ ಕಡೆಗೆ ಹರಿಯುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ನೀರು ಸೇರುವ ಹೊಳೆಯ ಮೇಲ್ದಂಡೆಯಲ್ಲೇ ಟಸ್ಕನಿಯ ಬಳ್ಳಿ ಬೆಳೆಯುತ್ತಿದೆ. ಈ ಕಲ್ಲಿನ, ಬಿಸಿಲಿನ ನಾಡಿನಲ್ಲಿ ಮಾಗುವ ವೈನ್ ಆದೀತೇ ಎಂಬ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ.

ಮಾಗುವುದು ಎಂದರೇನು

ಲೋಕದಲ್ಲಿ ತಯಾರಾಗುವ ವೈನ್‌ನಲ್ಲಿ ಬಹುಪಾಲು ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಬೇಕಾದದ್ದು. ಇಟ್ಟರೆ ಅದು ಹಣ್ಣಿನ ಪರಿಮಳ ಕಳೆದುಕೊಂಡು ಸಪ್ಪೆಯಾಗುತ್ತದೆ, ಅಷ್ಟೆ. ಕಾಲ ಕಳೆದಂತೆ ಉತ್ತಮಗೊಳ್ಳುವ ಗುಣ ಕೆಲವಕ್ಕೆ ಮಾತ್ರ ಇದೆ. ಕೆಂಪು ವೈನ್‌ನಲ್ಲಿ ಆ ಗುಣಕ್ಕೆ ಮುಖ್ಯ ಆಧಾರ ಎರಡು: ಹುಳಿ ಮತ್ತು ಒಗರು. ಹುಳಿ ದ್ರಾಕ್ಷಿಯ ಟಾರ್ಟಾರಿಕ್, ಮ್ಯಾಲಿಕ್ ಆಮ್ಲಗಳಿಂದ ಬರುತ್ತದೆ. ಆಮ್ಲ ಹೆಚ್ಚಿದ್ದಷ್ಟೂ ಬ್ಯಾಕ್ಟೀರಿಯಾಗಳ ಆಟ ಕಡಿಮೆ, ಬಣ್ಣವೂ ಗಟ್ಟಿ. ಒಗರು ಸಿಪ್ಪೆ ಮತ್ತು ಬೀಜದ ಟ್ಯಾನಿನ್‌ನದು. ನೇರಳೆ ಹಣ್ಣು ತಿಂದಾಗ ನಾಲಗೆ ಒರಟಾಗಿ ಹಿಡಿದುಕೊಳ್ಳುತ್ತದಲ್ಲ, ಎಳೆಯ ಸಾಂಜೊವೇಸೆ ಕುಡಿದಾಗಲೂ ಹಾಗೆಯೇ.

ಬಾಟಲಿಯೊಳಗೆ ಟ್ಯಾನಿನ್ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಉದ್ದವಾಗುತ್ತವೆ, ಬಣ್ಣ ಕೊಡುವ ಆಂಥೋಸಯನಿನ್‌ಗಳನ್ನೂ ಸೇರಿಸಿಕೊಳ್ಳುತ್ತವೆ. ತೀರಾ ಭಾರವಾದವು ತಳದಲ್ಲಿ ಗಸಿಯಾಗಿ ಕೂರುತ್ತವೆ. ಒಗರು ಮೆದುವಾಗುತ್ತದೆ, ನೇರಳೆಗೆಂಪು ಬಣ್ಣ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಬಿರಡೆಯ ಮೂಲಕ ಕಣಕಣವಾಗಿ ಒಳಹೋಗುವ ಆಮ್ಲಜನಕ ಈ ಕೆಲಸಕ್ಕೆ ಒತ್ತಾಸೆ. ಹಸಿ ಹಣ್ಣಿನ ಪರಿಮಳದ ಜಾಗದಲ್ಲಿ ಒಣಹಣ್ಣು, ತೊಗಲು, ಹೊಗೆಸೊಪ್ಪು, ಮಳೆಬಿದ್ದ ಮಣ್ಣಿನ ಪರಿಮಳಗಳು ಮೂಡುತ್ತವೆ. ಸಾಂಜೊವೇಸೆಯ ಸಿಪ್ಪೆ ತೆಳು, ಬಣ್ಣವೂ ಅಷ್ಟು ದಟ್ಟವಲ್ಲ. ಆದರೂ ಅದು ದೀರ್ಘಾಯುಷಿಯಾದದ್ದು ಹುಳಿಯ ಬಲದಿಂದ. ಬಣ್ಣ ಕಡುಗಪ್ಪಾಗಿದ್ದರೆ ವೈನ್ ಬಾಳಿಕೆ ಬರುತ್ತದೆ ಎಂಬ ನಂಬಿಕೆ ನಮ್ಮ ಅಂಗಡಿಗಳಲ್ಲೂ ಇದೆ. ಅದು ಸರಿಯಲ್ಲ.

ಮನೆತನ ಮತ್ತು ನೆಲಮಾಳಿಗೆ

ಟಸ್ಕನಿಯ ಆಂತಿನೊರಿ ಮನೆತನ 1385ರಲ್ಲಿ ಫ್ಲಾರೆನ್ಸಿನ ವೈನ್ ವರ್ತಕರ ಸಂಘ ಸೇರಿದ್ದು ದಾಖಲೆಯಲ್ಲಿದೆ. ಇಂದಿಗೂ ಅದೇ ಮನೆತನ ವೈನ್ ಮಾಡುತ್ತಿದೆ. ಆದರೆ ಮಾಗುವ ವೈನ್ ಎಂಬ ಕಲ್ಪನೆಗೆ ಸಾಂಜೊವೇಸೆಯ ಮೂಲಕ ರೂಪ ಕೊಟ್ಟದ್ದು ಮೊಂತಾಲ್ಚಿನೊ ಗುಡ್ಡದೂರಿನ ಬಿಯೊಂದಿ-ಸಾಂತಿ ಮನೆತನ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಲೆಮೆಂತೆ ಸಾಂತಿ ತಮ್ಮ ಗ್ರೆಪ್ಪೊ ತೋಟದ ಆಯ್ದ ಕೆಂಪು ವೈನ್‌ಗೆ ಬಹುಮಾನ ಗಳಿಸಿದ್ದರು. ಅವರ ಮೊಮ್ಮಗ ಫೆರ್ರುಚ್ಚೊ ಬಿಯೊಂದಿ ಸಾಂತಿ ಅಂದಿನ ರೂಢಿಯನ್ನು ಮುರಿದು, ಬೇರೆ ಯಾವ ದ್ರಾಕ್ಷಿಯನ್ನೂ ಬೆರೆಸದೆ ತಮ್ಮ ತೋಟದಲ್ಲಿ ಗುರುತಿಸಿ ಬೆಳೆಸಿದ ಸಾಂಜೊವೇಸೆಯೊಂದರಿಂದಲೇ ವೈನ್ ಮಾಡಿ, ದೊಡ್ಡ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟರು. 1888ರ ಆ ವೈನ್ ಬ್ರುನೆಲ್ಲೊ ಚರಿತ್ರೆಯ ಮೊದಲ ಮೈಲಿಗಲ್ಲು. ಸುತ್ತಲಿನವರು ಬೇಗ ಮಾರಿ ಕೈತೊಳೆದುಕೊಳ್ಳುವ ಎಳೆಯ, ಸಿಹಿಯಾದ ವೈನ್ ಮಾಡುತ್ತಿದ್ದ ಕಾಲವದು. ಬಳ್ಳಿಗೆ ಫಿಲಾಕ್ಸೆರಾ ಕೀಟ, ಬೂದಿ ರೋಗಗಳು ಮುತ್ತಿಕೊಂಡಿದ್ದ ಕಾಲವೂ ಹೌದು. ಅಂಥ ಹೊತ್ತಿನಲ್ಲಿ ಬಂಡವಾಳವನ್ನು ವರ್ಷಾನುಗಟ್ಟಲೆ ಕತ್ತಲಲ್ಲಿ ಕಟ್ಟಿಹಾಕಿ ಕೂತ ಧೈರ್ಯ ಸಾಮಾನ್ಯದ್ದಲ್ಲ.

ಫೆರ್ರುಚ್ಚೊನ ಮಗ ತಾಂಕ್ರೆದಿ ಹಳೆಯ ಬಾಟಲಿಗಳ ಬಿರಡೆ ತೆಗೆದು, ಆವಿಯಾಗಿ ಕುಗ್ಗಿದಷ್ಟನ್ನು ಅದೇ ವರ್ಷದ ಇನ್ನೊಂದು ಬಾಟಲಿಯ ವೈನ್‌ನಿಂದ ತುಂಬಿ, ಹೊಸ ಬಿರಡೆ ಹಾಕುವ ಪದ್ಧತಿಯನ್ನು 1927ರಲ್ಲಿ ಆರಂಭಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಗಳು ಗುಡ್ಡ ದಾಟುವಾಗ ಹಳೆಯ ಬಾಟಲಿಗಳ ಮುಂದೆ ಗೋಡೆ ಎಬ್ಬಿಸಿ ಅವುಗಳನ್ನು ಉಳಿಸಿಕೊಂಡವರೂ ಅವರೇ. 1955ರ ಸುಗ್ಗಿಯ ರಿಸೆರ್ವಾ ವೈನನ್ನು ಇಟಲಿಯ ರಾಷ್ಟ್ರಾಧ್ಯಕ್ಷ ಸರಾಗಾತ್ 1969ರಲ್ಲಿ ಲಂಡನ್ನಿನ ಔತಣದಲ್ಲಿ ರಾಣಿ ಎಲಿಜಬೆತ್‌ಗೆ ಬಡಿಸಿದ ಮೇಲೆ ಬ್ರುನೆಲ್ಲೊ ಹೆಸರು ಇಟಲಿಯ ಹೊರಗೂ ಹರಡಿತು. ತಾಂಕ್ರೆದಿಯ ಮಗ ಫ್ರಾಂಕೊ 2013ರಲ್ಲಿ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಸಂಸ್ಥೆಯ ಬಹುಪಾಲು ಒಡೆತನ ಫ್ರಾನ್ಸಿನ ಈಪಿಐ ಕಂಪನಿಯ ಕೈಸೇರಿತು. ಮನೆತನದ ವೈನ್ ಎಂಬುದೂ ಶಾಶ್ವತವಲ್ಲ. ತೆರಿಗೆ, ಪಾಲು, ಸಾಲಗಳು ಟಸ್ಕನಿಯ ಮನೆಗಳನ್ನೂ ಬಿಟ್ಟಿಲ್ಲ.

ಬಾಟಲಿಯ ಮೇಲೆ ಹೆಸರು ಮನೆತನದ್ದು, ತೋಟದಲ್ಲಿ ಬೆವರು ಹರಿಸಿದವರು ಹೆಚ್ಚಾಗಿ ಪಾಲುದಾರ ಒಕ್ಕಲಿಗರು ಎಂಬುದನ್ನು ವೈನ್ ಚರಿತ್ರೆ ಬರೆಯುವವರು ಬಹುಸಲ ಮರೆಯುತ್ತಾರೆ. ಬೆಳೆಯಲ್ಲಿ ಅರ್ಧ ಧಣಿಗೆ, ಅರ್ಧ ಒಕ್ಕಲಿಗೆ ಎಂಬ ಮೆಝ್ಝದ್ರಿಯಾ ಪದ್ಧತಿಯಲ್ಲಿ ಹೊಸ ಕರಾರುಗಳನ್ನು ಇಟಲಿ 1964ರ ಕಾನೂನಿನಿಂದ ನಿಲ್ಲಿಸಿತು. ಅಷ್ಟರಲ್ಲಿ ಜನ ಕಾರ್ಖಾನೆಗಳಿಗೆ ಗುಳೆ ಹೋಗಿ ತೋಟಗಳು ಪಾಳುಬಿದ್ದಿದ್ದವು. ಇಂದಿನ ಹೆಸರಾಂತ ಕುಟುಂಬ ವೈನರಿಗಳಲ್ಲಿ ಹಲವು ಆ ಪಾಳು ಜಮೀನುಗಳನ್ನು ಕೊಂಡು ಮತ್ತೆ ಕಟ್ಟಿದವು.

ಕಿಯಾಂತಿಯ ಕಥೆ ಇದಕ್ಕಿಂತ ಹಳೆಯದು. ಟಸ್ಕನಿಯ ದೊರೆ ಮೂರನೆಯ ಕೋಸಿಮೊ 1716ರಲ್ಲೇ ಅದರ ಗಡಿ ಗುರುತಿಸಿ ಶಾಸನ ಹೊರಡಿಸಿದ್ದ. ಇಟಲಿಯ ಪ್ರಧಾನಿಯೂ ಆಗಿದ್ದ ಬೆತ್ತೀನೊ ರಿಕಾಸೊಲಿ 1872ರ ಪತ್ರವೊಂದರಲ್ಲಿ ತಮ್ಮ ದಶಕಗಳ ಪ್ರಯೋಗದ ಫಲವನ್ನು ಹೀಗೆ ತಿಳಿಸಿದರು: ಪರಿಮಳಕ್ಕೂ ಹುರುಪಿಗೂ ಸಾಂಜೊವೇಸೆ, ಒರಟು ತಗ್ಗಿಸಲು ಕನಾಯೊಲೊ, ಬೇಗ ಕುಡಿಯುವುದಾದರೆ ಬಿಳಿಯ ಮಾಲ್ವಸಿಯಾ. ಇಡುವ ವೈನ್‌ಗೆ ಮಾಲ್ವಸಿಯಾ ಬೇಡ ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು. ನಂತರದ ಕಾನೂನು ಆ ಮಾತನ್ನು ಲೆಕ್ಕಿಸದೆ ಬಿಳಿ ದ್ರಾಕ್ಷಿಯನ್ನು ಕಡ್ಡಾಯ ಮಾಡಿ ಕಿಯಾಂತಿಯನ್ನು ತೆಳುವಾಗಿಸಿತು. ಆಂತಿನೊರಿ ಮನೆತನ 1971ರ ಸುಗ್ಗಿಯಿಂದ ತಿನ್ಯಾನೆಲ್ಲೊ ಎಂಬ ವೈನ್ ಮಾಡಿ, ಸಣ್ಣ ಓಕ್ ಪೀಪಾಯಿಗಳನ್ನು ಬಳಸಿ ಈ ಕಟ್ಟಿನಿಂದ ಹೊರನಡೆಯಿತು. ಕಿಯಾಂತಿ ಕ್ಲಾಸಿಕೊ ವಲಯದಲ್ಲಿ ಬಿಳಿ ದ್ರಾಕ್ಷಿಗೆ ಪೂರ್ಣ ನಿಷೇಧ ಬರಲು 2006ರವರೆಗೆ ಕಾಯಬೇಕಾಯಿತು. ಬ್ರುನೆಲ್ಲೊಗೆ 1980ರಲ್ಲಿ ಇಟಲಿಯ ಅತ್ಯುನ್ನತ ಕಾನೂನು ದರ್ಜೆ ದೊರೆಯಿತು. ಅದು ನೂರಕ್ಕೆ ನೂರು ಸಾಂಜೊವೇಸೆಯೇ ಆಗಿರಬೇಕು, ಕನಿಷ್ಠ 2 ವರ್ಷ ಮರದಲ್ಲಿರಬೇಕು, ಸುಗ್ಗಿಯ ನಂತರದ ಐದನೆಯ ವರ್ಷದ ಜನವರಿಗೆ ಮುಂಚೆ ಮಾರಾಟಕ್ಕೆ ಬರಕೂಡದು. ಉತ್ತರದ ಪಿಯೆಮೊಂತೆಯ ಬರೋಲೊ ನೆಬ್ಬಿಯೋಲೊ ದ್ರಾಕ್ಷಿಯದು. ಅದಕ್ಕೂ 38 ತಿಂಗಳ ಕಾಯುವಿಕೆ ಕಡ್ಡಾಯ.

ದಖನ್ನಿಗೆ ಬಂದ ಬಗೆ

ಇಟಲಿಯ ವೈನ್ ದಖನ್ನಿನತ್ತ ಬಂದದ್ದು ಇದೇ ಮೊದಲಲ್ಲ. ಒಂದನೆಯ ಶತಮಾನದ ಗ್ರೀಕ್ ಬರಹ 'ಪೆರಿಪ್ಲಸ್' ಬರಿಗಾಜಾ ಅಂದರೆ ಭರೂಚ್ ಬಂದರಿಗೆ ಬರುವ ಸರಕುಗಳಲ್ಲಿ ವೈನನ್ನು ಹೆಸರಿಸಿ, ಇಟಲಿಯದಕ್ಕೆ ಬೇಡಿಕೆ ಹೆಚ್ಚು ಎನ್ನುತ್ತದೆ. ಆ ಬಂದರಿಗೆ ಒಳನಾಡಿನಿಂದ ಸರಕು ಕಳಿಸುತ್ತಿದ್ದ ದೊಡ್ಡ ಪೇಟೆಗಳಲ್ಲಿ ತಗರಾ ಒಂದು. ಅದೇ ಇಂದಿನ ಧಾರಾಶಿವ ಜಿಲ್ಲೆಯ ತೇರ್. ಅದು ದಖನ್ನಿನಲ್ಲಿ ಸಾತವಾಹನರ ಕಾಲ; ಆಗ ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವುಳ್ಳ ಮಹಾಸ್ತೂಪ ಶೋಭಿಸುತ್ತಿತ್ತು. ಆಗ ಬಂದದ್ದು ತುಂಬಿದ ಜಾಡಿ, ಬಳ್ಳಿಯಲ್ಲ.

ಬಳ್ಳಿ ಬಂದದ್ದು 2007ರ ಆಸುಪಾಸಿನಲ್ಲಿ. ದೆಹಲಿಯ ಸೇಖ್ರಿ ಸಹೋದರರು, ಅಕಲೂಜಿನ ಮೋಹಿತೆ-ಪಾಟೀಲ ಸಹೋದರರು, ಫ್ಲಾರೆನ್ಸಿನ ಸೆಕ್ಕಿ ಸಹೋದರರು ಸೇರಿ ಫ್ರಾತೆಲ್ಲಿ ವೈನರಿ ಕಟ್ಟಿದರು. ಅಕಲೂಜ್ ಕಬ್ಬಿನ ಊರು, ಸಹಕಾರಿ ಸಕ್ಕರೆ ಕಾರ್ಖಾನೆಯ ಊರು. ಅಲ್ಲಿಗೆ ಫ್ರಾನ್ಸಿನ ನರ್ಸರಿಗಳಿಂದ ಹಲವು ತಳಿಯ ಸಸಿಗಳು ಬಂದವು, ಅವುಗಳಲ್ಲಿ ಸಾಂಜೊವೇಸೆಯೂ ಇತ್ತು. ಟಸ್ಕನಿಯ ಅನುಭವಿ ವೈನ್ ತಯಾರಕ ಪಿಯೆರೊ ಮಾಸಿ ತೋಟದ ಮೊದಲ ದಿನಗಳಿಂದ ಜೊತೆಗಿದ್ದರು. ಸಾಂಜೊವೇಸೆ ಮತ್ತು ಕ್ಯಾಬರ್ನೆ ಸೋವಿನ್ಯೋ ಬೆರೆಸಿ ಫ್ರೆಂಚ್ ಓಕ್ ಪೀಪಾಯಿಯಲ್ಲಿ ಇಟ್ಟು ತೆಗೆಯುವ 'ಸೆತ್ತೆ' ಈ ವೈನರಿಯ ಮುಖ್ಯ ವೈನ್. ಭಾರತದಲ್ಲಿ ಕೊಂಡು ಇಡಬಹುದಾದ ಕೆಂಪು ವೈನ್‌ಗಳ ಮಾತು ಬಂದಾಗ ಅದರ ಹೆಸರು ಮೊದಲು ಬರುವವುಗಳಲ್ಲಿ ಒಂದು.

ಕರ್ನಾಟಕದಲ್ಲಿ ಸಾಂಜೊವೇಸೆಯನ್ನು ಗಂಭೀರವಾಗಿ ಹಿಡಿದವರು ಹೈದರಾಬಾದಿನ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ದಂಪತಿ. ಕೊಪ್ಪಳ ಜಿಲ್ಲೆಯಲ್ಲಿರುವ, ಹಂಪಿ ಹಿಲ್ಸ್ ಎಂದು ಹೆಸರಾದ ಅವರ ತೋಟದ ಕ್ರಿಸ್ಮಾ ವೈನರಿ ಸಾಂಜೊವೇಸೆಯನ್ನು ಬೆರಕೆಯಿಲ್ಲದೆಯೂ ಬಾಟಲಿಗೆ ತುಂಬಿದೆ. ಇವೆರಡಕ್ಕೂ ಮುಂಚೆ, 1988ರಲ್ಲಿ ಕನ್ವಲ್ ಗ್ರೋವರ್ ನಂದಿ ಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಗಳಿಂದ ವೈನರಿ ಆರಂಭಿಸಿದ್ದರು. ಅದನ್ನು ಮಗ, ಮೊಮ್ಮಗಳ ತಲೆಮಾರಿನವರೆಗೆ ನಡೆಸಿಕೊಂಡು ಬಂದ ಕಾರಣ ಕನ್ನಡ ನಾಡಿನಲ್ಲಿ ಕುಟುಂಬ ವೈನರಿ ಎಂಬ ಮಾತಿಗೆ ಅದೇ ಮೊದಲ ಉದಾಹರಣೆ. 2007ರಲ್ಲಿ ರಾಜ್ಯ ಸರ್ಕಾರ ಸಾರಾಯಿಯನ್ನು ನಿಲ್ಲಿಸಿತು, ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು.

ಕಲ್ಲು ಒಂದೇ, ಕಾಲ ಬೇರೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ನಿಂತಿರುವುದು ಭೂವಿಜ್ಞಾನಿಗಳು ಭೀಮಾ ಸಮೂಹ ಎಂದು ಕರೆಯುವ ಅತಿ ಪ್ರಾಚೀನ ಸುಣ್ಣಕಲ್ಲಿನ ಮೇಲೆ. ಪದರ ಪದರವಾಗಿ ಬಿಡಿಸಿಕೊಳ್ಳುವ ಈ ಕಲ್ಲೇ ಶಹಾಬಾದ್ ಪರಸಿ. ಗೋಡೆ, ಹಾಸು, ಚಾವಣಿ ಎಲ್ಲಕ್ಕೂ ಅದೇ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೂ ಅದೇ ಆಹಾರ. ಗಡಿಯಾಚೆಯ ತಾಂಡೂರಿನ ಕಲ್ಲೂ ಇದರ ಬಂಧು. ಚಿಂಚೋಳಿಯ ಕಡೆ ಹೋದರೆ ಮೇಲೆ ಅಗ್ನಿಶಿಲೆ ಮತ್ತು ಕೆಂಪು ಜಂಬಿಟ್ಟಿಗೆ. ಕಿಯಾಂತಿಯ ಗುಡ್ಡಗಳಲ್ಲಿ ಅಲ್ಬೆರೆಸೆ ಎಂಬ ಸುಣ್ಣಕಲ್ಲು, ಗಲೆಸ್ತ್ರೊ ಎಂಬ ಪುಡಿಯಾಗುವ ಜೇಡಿಕಲ್ಲು ಇವೆ. ಅಲ್ಲಿನ ಹಳೆಯ ಮನೆಗಳೂ ಹೊಲದ ಕಲ್ಲಿನವೇ. ಸುಣ್ಣಕಲ್ಲಿನ ರುಚಿ ವೈನ್‌ಗೆ ಇಳಿಯುತ್ತದೆ ಎಂಬ ಮಾತು ಮಾರಾಟಗಾರರಿಗೆ ಇಷ್ಟ, ಆದರೆ ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ವಿಜ್ಞಾನದ ಆಧಾರವಿಲ್ಲ. ಒಡೆದ ಸುಣ್ಣಕಲ್ಲು ನೀರನ್ನು ಬಸಿದು ಬಿಡುತ್ತದೆ, ಬಳ್ಳಿ ಸೊಕ್ಕಿ ಬೆಳೆಯದಂತೆ ತಡೆಯುತ್ತದೆ, ಅದರ ಉಪಕಾರ ಅಲ್ಲಿದೆ. ಸೇಡಂನ ಪರಸಿ ಹಾಗೆ ಒಡೆದಿಲ್ಲ, ಹಾಸಿದಂತೆ ಮಲಗಿದೆ. ಅದರ ಮೇಲಿನ ಎರೆ ಭೂಮಿ ಮಳೆಗಾಲದಲ್ಲಿ ನೀರು ಹಿಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಸೀಳುತ್ತದೆ. ಸುಣ್ಣ ಹೆಚ್ಚಾದಲ್ಲಿ ಬಳ್ಳಿಗೆ ಕಬ್ಬಿಣದಂಶ ದಕ್ಕದೆ ಎಲೆ ಹಳದಿಯಾಗುತ್ತದೆ, ಸುಣ್ಣ ತಾಳುವ ಬೇರುಸಸಿಯ ಮೇಲೆಯೇ ಕಸಿ ಮಾಡಬೇಕಾಗುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ಈ ನೆಲಕ್ಕೆ ಹೇಳಿಮಾಡಿಸಿದ ಬೆಳೆ. ದ್ರಾಕ್ಷಿಗೆ ಇಲ್ಲಿ ಗರಸು ನೆಲ, ಇಳಿಜಾರು ಹುಡುಕಬೇಕು.

ಕಲ್ಲಿಗಿಂತ ದೊಡ್ಡ ವ್ಯತ್ಯಾಸ ಋತುವಿನದು. ಟಸ್ಕನಿಯಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ. ವಸಂತದಲ್ಲಿ ಎದ್ದ ಬಳ್ಳಿಯ ಹಣ್ಣು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ದಿನದಿನಕ್ಕೆ ತಂಪಾಗುವ ರಾತ್ರಿಗಳಲ್ಲಿ ಹಣ್ಣಾಗುತ್ತದೆ. ದಖನ್ನಿನಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎನ್ನುವಂತೆ ವರ್ಷಕ್ಕೆ ಎರಡು ಸಲ ಸವರಬೇಕು. ಬೇಸಿಗೆಯ ಚಾಟ್ನಿ ಕಡ್ಡಿ ಬಲಿಯಲು, ಮಳೆ ಹಿಂದೆ ಸರಿದ ಮೇಲಿನ ಚಾಟ್ನಿ ಫಲಕ್ಕೆ. ಹಣ್ಣು ಫೆಬ್ರುವರಿ, ಮಾರ್ಚ್‌ನಲ್ಲಿ ಬರುತ್ತದೆ. ಅಂದರೆ ಅಲ್ಲಿ ಹಣ್ಣು ಚಳಿಯ ಕಡೆಗೆ ನಡೆಯುತ್ತಾ ಮಾಗಿದರೆ, ಇಲ್ಲಿ ಬಿಸಿಲಿನ ಕಡೆಗೆ ನಡೆಯುತ್ತಾ ಮಾಗುತ್ತದೆ. ಸಕ್ಕರೆ ಬೇಗ ಏರುತ್ತದೆ, ಮ್ಯಾಲಿಕ್ ಆಮ್ಲ ಬೇಗ ಕರಗುತ್ತದೆ, ಬೀಜ ಮತ್ತು ಸಿಪ್ಪೆಯ ಟ್ಯಾನಿನ್ ಮಾತ್ರ ಹಸಿಯಾಗಿ ಹಿಂದೆ ಬೀಳುತ್ತದೆ. ಬೇಗ ಕೊಯ್ದರೆ ಒಗರು ಕಹಿ, ತಡಮಾಡಿದರೆ ಹುಳಿ ನಷ್ಟ. ಹುಟ್ಟಿನಿಂದಲೇ ಹುಳಿ ಹೆಚ್ಚಿರುವ ಸಾಂಜೊವೇಸೆ ಈ ಇಕ್ಕಟ್ಟಿನಲ್ಲಿ ಇತರ ತಳಿಗಳಿಗಿಂತ ಸ್ವಲ್ಪ ಹೆಚ್ಚು ಉಳಿಸಿಕೊಳ್ಳುತ್ತದೆ. ದಖನ್ನಿಗೆ ಈ ಬಳ್ಳಿಯನ್ನು ಆರಿಸಿದ್ದು ಬುದ್ಧಿವಂತಿಕೆಯ ಕೆಲಸ ಎನ್ನಲು ಇದೇ ಕಾರಣ ಸಾಕು.

ಇನ್ನು ಇಡುವ ಜಾಗ. ನಾಲ್ಕೈದು ಮೀಟರ್ ಆಳಕ್ಕೆ ಹೋದರೆ ಮಣ್ಣಿನ ಉಷ್ಣತೆ ಋತುವಿನೊಂದಿಗೆ ಹೆಚ್ಚು ಏರಿಳಿಯದೆ ಆ ಊರಿನ ವರ್ಷದ ಸರಾಸರಿಯ ಹತ್ತಿರ ನಿಲ್ಲುತ್ತದೆ. ಟಸ್ಕನಿಯ ಸರಾಸರಿ 13ರಿಂದ 15 ಡಿಗ್ರಿ. ವೈನ್ ನಿಧಾನ ಮಾಗಲು ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ನೆಲ ಅಗೆದರೆ ನೆಲಮಾಳಿಗೆ ತಾನಾಗಿ ಸಿದ್ಧ. ಕಲಬುರಗಿಯ ಸರಾಸರಿ 27ರ ಸುಮಾರು. ಜೋಳವನ್ನು ವರ್ಷಗಟ್ಟಲೆ ಕಾಪಾಡುವ ನಮ್ಮ ಹಗೇವು ಒಣದಾಗಿರುತ್ತದೆ, ಗಾಳಿಯಾಡದಂತಿರುತ್ತದೆ, ಆದರೆ ತಂಪಲ್ಲ. ಇಟಲಿಯ ಮನೆತನಗಳ ತಾಳ್ಮೆಯನ್ನು ಹೊಗಳುವಾಗ ಆ ತಾಳ್ಮೆಗೆ ಅಲ್ಲಿನ ನೆಲವೇ ಪುಕ್ಕಟೆ ಆಸರೆ ಕೊಟ್ಟಿತ್ತು ಎಂಬುದನ್ನು ನೆನೆಯಬೇಕು. ದಖನ್ನಿನ ವೈನರಿ ಅದೇ ತಂಪಿಗೆ ಪ್ರತಿ ತಿಂಗಳು ವಿದ್ಯುತ್ ಬಿಲ್ ಕಟ್ಟುತ್ತದೆ.

ಸೇಂದಿ

ಮಾಗಿಸುವ ವೈನ್ ಹೊರಗಿನಿಂದ ಬಂದದ್ದು; ಈ ಸೀಮೆಯ ಸ್ವಂತ ಮಾದಕ ಪಾನೀಯ ಇಡಲಾಗದ ಸೇಂದಿ. ಚಳಿಗಾಲದಲ್ಲಿ ಈಚಲು, ಬೇಸಿಗೆಯಲ್ಲಿ ತಾಳೆ ಮರದ ರಸ ಇಳಿಸುವುದು ಈಡಿಗರ ಕುಲಕಸುಬು. ತಂದೆಯಿಂದ ಮಗನಿಗೆ ಬರುವ ಈ ಕಸುಬಿನ ಸೂಕ್ಷ್ಮ ಯಾವ ವೈನ್ ಮನೆತನದ ವಿದ್ಯೆಗೂ ಕಡಿಮೆಯಲ್ಲ: ಕಚ್ಚು ಎಷ್ಟು ಆಳವಿರಬೇಕು, ಯಾವ ಮರಕ್ಕೆ ಎಷ್ಟು ದಿನ ವಿಶ್ರಾಂತಿ, ಗಡಿಗೆ ಎಷ್ಟು ಹಳೆಯದಿರಬೇಕು. ನಸುಕಿನಲ್ಲಿ ಇಳಿಸಿದಾಗ ಸಿಹಿ ನೀರಾ, ಮಧ್ಯಾಹ್ನಕ್ಕೆ ನೊರೆಯೆದ್ದ ಸೇಂದಿ, ಮರುದಿನಕ್ಕೆ ಹುಳಿ ಸಿರ್ಕಾ. ಟ್ಯಾನಿನ್ ಇಲ್ಲ, ರಕ್ಷಿಸುವಷ್ಟು ಮದ್ಯಸಾರವೂ ಇಲ್ಲ, ಬಿಸಿಲು ಮಾತ್ರ ಧಾರಾಳ. ಇಡೀ ಆಯುಷ್ಯ ಒಂದು ಹಗಲಿನದು. ನಿಜಾಮರ ಸರ್ಕಾರಕ್ಕೆ ಅಬಕಾರಿ ದೊಡ್ಡ ಆದಾಯವಾಗಿತ್ತು, ಮರಗಳಿಗೆ ತೆರಿಗೆ, ಸೇಂದಿಖಾನೆಗಳಿಗೆ ಗುತ್ತಿಗೆ ಇದ್ದವು. ರಾಸಾಯನಿಕ ಬೆರೆಸಿದ ಕಲಬೆರಕೆ ಸೇಂದಿ ಜನರ ಆರೋಗ್ಯ ಕೆಡಿಸಿದ ಮೇಲೆ ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿಗಳಾಚೆ ಅದರ ಮಾರಾಟ ನಿಂತಿತು. ಗಡಿಯಾಚೆ ತೆಲಂಗಾಣದಲ್ಲಿ ಸೇಂದಿ ಇಳಿಸುವವರ ಸಹಕಾರ ಸಂಘಗಳಿಗೆ ಪರವಾನಗಿ ಇದೆ. ಸೇಡಂ, ಚಿಂಚೋಳಿಯಿಂದ ತಾಂಡೂರು ದೂರವಲ್ಲ. ವೈನ್‌ಗೆ ನೀತಿ, ಮಂಡಳಿ, ರಿಯಾಯಿತಿ ದೊರೆತ ರಾಜ್ಯದಲ್ಲಿ ಈಚಲುಮರದ ವಿದ್ಯೆ ಒಂದು ತಲೆಮಾರಿನಲ್ಲಿ ಮರೆತುಹೋಗುತ್ತಿರುವುದು ನೋವಿನ ಸಂಗತಿ. ಕಲಬೆರಕೆ ತಡೆಯಬೇಕಿತ್ತು, ಕಸುಬನ್ನು ಉಳಿಸಿಕೊಳ್ಳಬೇಕಿತ್ತು.

ಇಡುವುದು, ಕುಡಿಯುವುದು

ಬ್ರುನೆಲ್ಲೊ ಆಗಲಿ ಅಕಲೂಜಿನ ಸೆತ್ತೆ ಆಗಲಿ, ಕಲಬುರಗಿ ಜಿಲ್ಲೆಯ ಮನೆಯ ಕಪಾಟಿನಲ್ಲಿ ಒಂದು ಬೇಸಿಗೆ ಕಳೆದರೂ ಹಾಳಾಗುತ್ತದೆ. ಮೇ ತಿಂಗಳ ಬಿಸಿಗೆ ವೈನ್ ಹಿಗ್ಗಿ ಬಿರಡೆಯನ್ನು ತಳ್ಳುತ್ತದೆ, ರುಚಿ ಬೇಯಿಸಿದ ಹಣ್ಣಿನಂತಾಗುತ್ತದೆ. ತಂಪುಪೆಟ್ಟಿಗೆಯ ಕೆಳಗಿನ ಖಾನೆ ತೀರಾ ತಣ್ಣಗೆ, ತೀರಾ ಒಣ. ಆದರೂ ಕೆಲವು ತಿಂಗಳ ಮಟ್ಟಿಗೆ ಕಪಾಟಿಗಿಂತ ವಾಸಿ. ವರ್ಷಗಟ್ಟಲೆ ಇಡುವವರಿಗೆ 12ರಿಂದ 14 ಡಿಗ್ರಿಯ ವೈನ್ ಪೆಟ್ಟಿಗೆಯೇ ಬೇಕು, ಬಿರಡೆ ಒಣಗದಂತೆ ಬಾಟಲಿಯನ್ನು ಮಲಗಿಸಬೇಕು. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ಹಳೆಯ ತಣ್ಣನೆಯ ಕೋಣೆಗಳದು. ಇಲ್ಲಿ 16ರಿಂದ 18 ಡಿಗ್ರಿಗೆ ತಣಿಸಿಯೇ ಬಡಿಸಬೇಕು. ಹಳೆಯ ಬಾಟಲಿಯನ್ನು ಹಿಂದಿನ ದಿನವೇ ನಿಲ್ಲಿಸಿಟ್ಟು ಗಸಿ ಇಳಿದ ಮೇಲೆ ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಬೇಕು.

ಊಟದ ಜೊತೆಗೆ ಸಾಂಜೊವೇಸೆಯ ಹುಳಿ ಎಣ್ಣೆ ಮತ್ತು ಹುಳಿ ಇರುವ ಅಡುಗೆಗೆ ಒಗ್ಗುತ್ತದೆ. ಪುಂಡಿಪಲ್ಯದ ಹುಳಿ ಎದುರು ಸಪ್ಪೆಯಾಗದೆ ನಿಲ್ಲುವ ಕೆಂಪು ವೈನ್‌ಗಳು ಕಡಿಮೆ, ಇದು ನಿಲ್ಲುತ್ತದೆ. ಎಣ್ಣೆಗಾಯಿಗೂ ಕುರಿ ಮಾಂಸಕ್ಕೂ ಒಪ್ಪುತ್ತದೆ. ಆದರೆ ಕೆಂಪು ಖಾರ ಹೆಚ್ಚಾದರೆ ಟ್ಯಾನಿನ್‌ನ ಒಗರು ಇಮ್ಮಡಿಯಾಗಿ ಬಾಯಿ ಉರಿಯುತ್ತದೆ. ಅಂಥ ಸಾರಿನ ಜೊತೆ ಕುಡಿಯುವುದಾದರೆ ಎಳೆಯದಕ್ಕಿಂತ ಏಳೆಂಟು ವರ್ಷ ಮಾಗಿ ಒಗರು ಇಳಿದ ಬಾಟಲಿಯೇ ಮೇಲು.